ಸಂಗೀತ ನಿರ್ಮಾಣಕ್ಕೆ, ಡಿಜೆ ವೇದಿಕೆಗೆ ಲ್ಯಾಪ್‌ಟಾಪ್: ಆಯ್ಕೆಯ ಸೂತ್ರಗಳು

ಸಂಗೀತಕ್ಕೆಂದು ಕೊಳ್ಳುವ ಲ್ಯಾಪ್‌ಟಾಪ್ ಎರಡು ಬೇರೆ ಬೇರೆ ಜಾಗಗಳಲ್ಲಿ ದುಡಿಯಬೇಕಾಗುತ್ತದೆ. ಸ್ಟುಡಿಯೊದಲ್ಲಿ ಅದೇ ಧ್ವನಿಮುದ್ರಣ ಯಂತ್ರ, ಅದೇ ವಾದ್ಯಮೇಳ, ಅದೇ ಮಿಕ್ಸಿಂಗ್ ಮೇಜು. ಡಿಜೆ ವೇದಿಕೆಯಲ್ಲಿ ಅದು ಸಾವಿರಾರು ಹಾಡುಗಳ ಕಪಾಟು ಮತ್ತು ಎರಡರಿಂದ ನಾಲ್ಕು ಡೆಕ್‌ಗಳನ್ನು ಒಟ್ಟಿಗೆ ತಿರುಗಿಸುವ ಕೈ. ಎರಡೂ ಕಡೆ ಧ್ವನಿ ಕಡಿಯಬಾರದು. ಸ್ಟುಡಿಯೊದಲ್ಲಿ ಕಡಿದರೆ ಇನ್ನೊಂದು ಟೇಕ್ ತೆಗೆದುಕೊಳ್ಳಬಹುದು, ವೇದಿಕೆಯಲ್ಲಿ ಆ ಅವಕಾಶವಿಲ್ಲ. ಲ್ಯಾಪ್‌ಟಾಪಿನ ಆಯ್ಕೆಯಲ್ಲಿ ಎದುರಾಗುವ ಹೆಚ್ಚಿನ ಪ್ರಶ್ನೆಗಳೆಲ್ಲ ಈ ಎರಡು ಸ್ಥಿತಿಗಳ ಅಂತರದಿಂದ ಹುಟ್ಟಿದವು.

ಲ್ಯಾಪ್‌ಟಾಪ್ ವೇದಿಕೆ ಏರಿದ್ದು 2000ದ ದಶಕದ ಮೊದಲ ವರ್ಷಗಳಲ್ಲಿ. ವೇದಿಕೆಯ ಮೇಲೆಯೇ ಬಳಸಲು ರೂಪಿಸಿದ ಏಬಲ್ಟನ್ ಲೈವ್ 2001ರಲ್ಲಿ ಬಂತು. ಗ್ರಾಮಫೋನ್ ತಟ್ಟೆಯ ಚಲನೆಯಿಂದಲೇ ಕಂಪ್ಯೂಟರಿನ ಹಾಡನ್ನು ನಿಯಂತ್ರಿಸುವ ಫೈನಲ್ ಸ್ಕ್ರ್ಯಾಚ್ ಅದೇ ಕಾಲದ್ದು. 2004ರ ಸೆರಾಟೊ ಸ್ಕ್ರ್ಯಾಚ್ ಲೈವ್ ಆ ಪದ್ಧತಿಯನ್ನು ಡಿಜೆಗಳ ನಡುವೆ ನೆಲೆಗೊಳಿಸಿತು. ರೆಕಾರ್ಡ್ ಪೆಟ್ಟಿಗೆಗಳನ್ನು ಹೊತ್ತು ತಿರುಗುತ್ತಿದ್ದವರ ಹೆಗಲಿಗೆ ಒಂದೇ ಚೀಲ ಉಳಿಯಿತು. ಅದರೊಂದಿಗೆ ಇಡೀ ಕಾರ್ಯಕ್ರಮ ಒಂದೇ ಯಂತ್ರದ ಮೇಲೆ ನಿಲ್ಲುವಂತಾಯಿತು.

ಬಫರ್ ಎಂಬ ಗಡುವು

ಕಂಪ್ಯೂಟರಿನೊಳಗೆ ಧ್ವನಿ ಎಡೆಬಿಡದ ಧಾರೆಯಾಗಿ ಹರಿಯುವುದಿಲ್ಲ. ಸಿ.ಡಿ. ಗುಣಮಟ್ಟದಲ್ಲಿ ಒಂದು ಸೆಕೆಂಡಿನ ಧ್ವನಿಯನ್ನು 44,100 ತುಣುಕುಗಳಾಗಿ ಅಳೆದು ಇಡಲಾಗುತ್ತದೆ. ಇವನ್ನು ಸ್ಯಾಂಪಲ್ ಎನ್ನುತ್ತಾರೆ. ಪ್ರೊಸೆಸರ್ ಇವನ್ನು ಒಂದೊಂದಾಗಿ ಮುಟ್ಟದೆ ಕಂತು ಕಂತಾಗಿ ಕೈಗೆತ್ತಿಕೊಳ್ಳುತ್ತದೆ. ಆ ಕಂತಿನ ಹೆಸರು ಬಫರ್. 128 ಸ್ಯಾಂಪಲ್‌ಗಳ ಬಫರ್ ಇಟ್ಟರೆ ಒಂದು ಕಂತಿನಲ್ಲಿರುವುದು 2.9 ಮಿಲಿಸೆಕೆಂಡಿನಷ್ಟು ಧ್ವನಿ. ಅದು ಸ್ಪೀಕರಿನಲ್ಲಿ ನುಡಿದು ಮುಗಿಯುವುದರೊಳಗೆ ಮುಂದಿನ ಕಂತು ತಯಾರಾಗಿ ನಿಂತಿರಬೇಕು. ನಡುವೆ ಎಷ್ಟೇ ಕಸರತ್ತು ಮಾಡಿದರೂ ಸಮಕ್ಕೆ ಸರಿಯಾಗಿ ಬಂದು ಮುಟ್ಟಲೇಬೇಕಾದ ತಬಲಾ ವಾದಕನ ಸ್ಥಿತಿ ಪ್ರೊಸೆಸರಿನದು. ಒಂದು ಸಲ ತಡವಾದರೂ 'ಟಕ್' ಎಂಬ ಸದ್ದು ಕೇಳುತ್ತದೆ. ಸಾಲಾಗಿ ತಡವಾದರೆ ಧ್ವನಿ ಕರಕರ ಎನ್ನುತ್ತದೆ.

ಇದರ ಲೆಕ್ಕವನ್ನು ಸ್ವಲ್ಪ ಮುಂದಕ್ಕೆ ಒಯ್ದು ನೋಡಬಹುದು. 128ರ ಬಫರಿನಲ್ಲಿ ಒಂದು ಸೆಕೆಂಡಿಗೆ ಸುಮಾರು 344 ಗಡುವುಗಳು. ಒಂದು ಗಂಟೆಯ ಡಿಜೆ ಸೆಟ್‌ನಲ್ಲಿ 12 ಲಕ್ಷಕ್ಕೂ ಹೆಚ್ಚು. ಯಂತ್ರವೊಂದು ಇವುಗಳಲ್ಲಿ ಶೇ. 99.99ರಷ್ಟನ್ನು ಪಾಲಿಸಿತು ಎಂದುಕೊಂಡರೂ ಗಂಟೆಗೆ 120ಕ್ಕಿಂತ ಹೆಚ್ಚು ಸಲ, ಅಂದರೆ ನಿಮಿಷಕ್ಕೆ ಎರಡು ಸಲ, ಧ್ವನಿ ಮುರಿಯುತ್ತದೆ. ವಿಡಿಯೊ ಎಡಿಟಿಂಗ್‌ಗೋ ಲೆಕ್ಕಪತ್ರಕ್ಕೋ ಅಂಥ ಲ್ಯಾಪ್‌ಟಾಪ್ ಅತ್ಯುತ್ತಮ ಎನಿಸಿಕೊಳ್ಳಬಹುದು, ಸಂಗೀತಕ್ಕೆ ಮಾತ್ರ ನಾಲಾಯಕ್ಕು. ಜಾಹೀರಾತಿನ ಬೆಂಚ್‌ಮಾರ್ಕ್ ಅಂಕಗಳು ಹೇಳುವುದು ಸರಾಸರಿ ವೇಗವನ್ನು. ಸಂಗೀತಗಾರನಿಗೆ ಬೇಕಾದದ್ದು ಅತಿ ಕೆಟ್ಟ ಕ್ಷಣದಲ್ಲಿ ಯಂತ್ರ ಎಷ್ಟು ತಡ ಮಾಡುತ್ತದೆ ಎಂಬ ಮಾಹಿತಿ, ಅದು ಯಾವ ಡಬ್ಬಿಯ ಮೇಲೂ ಅಚ್ಚಾಗಿರುವುದಿಲ್ಲ.

ಬಫರ್ ದೊಡ್ಡದು ಮಾಡಿದರೆ ಗಡುವು ಸಡಿಲವಾಗುತ್ತದೆ, ಆದರೆ ವಿಳಂಬ ಹೆಚ್ಚುತ್ತದೆ. 256ಕ್ಕೆ 5.8, 512ಕ್ಕೆ 11.6, 1024ಕ್ಕೆ 23.2 ಮಿಲಿಸೆಕೆಂಡ್. ಮೈಕಿನಿಂದ ಒಳಬಂದು ಹೆಡ್‌ಫೋನಿಗೆ ಮರಳುವ ಧ್ವನಿಗೆ ಒಳಗಿನದೊಂದು, ಹೊರಗಿನದೊಂದು ಎಂದು ಎರಡು ಬಫರ್‌ಗಳ ವಿಳಂಬ ಸೇರಿ, ಮೇಲೆ ಮೈಕು-ಹೆಡ್‌ಫೋನುಗಳನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಆಡಿಯೊ ಇಂಟರ್‌ಫೇಸಿನದೂ ಸ್ವಲ್ಪ ಕೂಡುತ್ತದೆ. ಈ ಮೊತ್ತವೇ ಲೇಟೆನ್ಸಿ. ಗಾಳಿಯಲ್ಲಿ ಧ್ವನಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುವುದರಿಂದ 10 ಮಿಲಿಸೆಕೆಂಡ್ ಎಂದರೆ ಮೂರೂವರೆ ಮೀಟರ್ ಆಚೆಗಿನ ಸ್ಪೀಕರನ್ನು ಕೇಳಿದಂತೆ. ಅಷ್ಟನ್ನು ಹೆಚ್ಚಿನ ವಾದಕರು ಸಹಿಸುತ್ತಾರೆ. ಅದರ ಎರಡರಷ್ಟಾದರೆ ಕೀಬೋರ್ಡ್ ನುಡಿಸುವವರ ಬೆರಳಿಗೂ ಕಿವಿಗೂ ಹೊಂದಾಣಿಕೆ ತಪ್ಪುತ್ತದೆ. ಬ್ಲೂಟೂತ್ ಹೆಡ್‌ಫೋನಿನ ವಿಳಂಬ ಸಾಮಾನ್ಯವಾಗಿ 100 ಮಿಲಿಸೆಕೆಂಡ್ ದಾಟುವ ಕಾರಣ ಅದು ಧ್ವನಿಮುದ್ರಣಕ್ಕೂ ಡಿಜೆ ಕ್ಯೂಯಿಂಗ್‌ಗೂ ಒದಗುವುದಿಲ್ಲ.

ಸ್ಟುಡಿಯೊದಲ್ಲಿ ಇದಕ್ಕೊಂದು ದಾರಿಯಿದೆ. ಹಾಡುವಾಗ, ನುಡಿಸುವಾಗ ಬಫರ್ ಚಿಕ್ಕದಿಟ್ಟು, ಮಿಕ್ಸಿಂಗ್ ಹೊತ್ತಿಗೆ 1024ಕ್ಕೆ ಏರಿಸಬಹುದು. ಭಾರವಾದ ಟ್ರ್ಯಾಕ್‌ಗಳನ್ನು 'ಫ್ರೀಜ್' ಮಾಡಿ ಸಿದ್ಧ ಧ್ವನಿಯಾಗಿ ಇಟ್ಟುಕೊಳ್ಳಬಹುದು. ಡಿಜೆಗೆ ಈ ಸೌಲಭ್ಯ ಇಲ್ಲ. ಜಾಗ್ ವೀಲ್ ತಿರುಗಿಸಿದಾಗ, ಸ್ಕ್ರ್ಯಾಚ್ ಮಾಡಿದಾಗ ಧ್ವನಿ ಕೈಗೆ ಅಂಟಿಕೊಂಡಂತೆ ಬರಬೇಕು. ಇಡೀ ರಾತ್ರಿ ಬಫರ್ ಚಿಕ್ಕದೇ ಇರಬೇಕು. ಅದೃಷ್ಟವಶಾತ್ ನಾಲ್ಕು ಡೆಕ್ ತಿರುಗಿಸುವ ಕೆಲಸ ನೂರು ಟ್ರ್ಯಾಕ್‌ಗಳ ಮಿಕ್ಸಿಂಗ್‌ಗಿಂತ ತುಂಬ ಹಗುರ. ಹೀಗಾಗಿ ನಿರ್ಮಾಣಕ್ಕೆ ಬೇಕಾದದ್ದು ಹೆಚ್ಚು ಶಕ್ತಿ, ಡಿಜೆಗೆ ಹೆಚ್ಚು ಸ್ಥಿರತೆ.

ಮೊದಲು ಸಾಫ್ಟ್‌ವೇರ್, ಆಮೇಲೆ ಯಂತ್ರ

ಲ್ಯಾಪ್‌ಟಾಪ್ ಆರಿಸುವ ಮೊದಲು ಯಾವ ಸಾಫ್ಟ್‌ವೇರಿನಲ್ಲಿ ಕೆಲಸ ಎಂಬುದು ತೀರ್ಮಾನವಾಗಿರಬೇಕು. ಲಾಜಿಕ್ ಪ್ರೊ ಮ್ಯಾಕ್‌ನಲ್ಲಿ ನಡೆಯುತ್ತದೆ, ವಿಂಡೋಸ್‌ನಲ್ಲಿ ಇಲ್ಲ. 2002ರಲ್ಲಿ ಆಪಲ್ ಅದರ ತಯಾರಕ ಸಂಸ್ಥೆ ಎಮ್ಯಾಜಿಕ್ ಅನ್ನು ಕೊಂಡ ಮೇಲೆ ವಿಂಡೋಸ್ ಆವೃತ್ತಿ ನಿಂತುಹೋಯಿತು. ಎಫ್‌ಎಲ್ ಸ್ಟುಡಿಯೊ ಹುಟ್ಟಿದ್ದು ವಿಂಡೋಸ್‌ನಲ್ಲಿ. ಅದರ ಮ್ಯಾಕ್ ಆವೃತ್ತಿ ಬಂದದ್ದು 2018ರಲ್ಲಿ. ಏಬಲ್ಟನ್ ಲೈವ್, ಕ್ಯೂಬೇಸ್, ಸ್ಟುಡಿಯೊ ಒನ್, ಪ್ರೊ ಟೂಲ್ಸ್ ಎರಡರಲ್ಲೂ ನಡೆಯುತ್ತವೆ. ರೀಪರ್ ಮತ್ತು ಬಿಟ್‌ವಿಗ್ ಲಿನಕ್ಸ್‌ನಲ್ಲೂ ದೊರೆಯುತ್ತವೆ. ಡಿಜೆ ಸಾಫ್ಟ್‌ವೇರ್‌ಗಳಲ್ಲಿ ಸೆರಾಟೊ, ಟ್ರ್ಯಾಕ್ಟರ್, ರೆಕಾರ್ಡ್‌ಬಾಕ್ಸ್, ವರ್ಚುವಲ್ ಡಿಜೆ ಮ್ಯಾಕ್ ಮತ್ತು ವಿಂಡೋಸ್ ಎರಡಕ್ಕೂ ಇವೆ. ಉಚಿತವಾದ ಮಿಕ್ಸ್ (Mixxx) ಲಿನಕ್ಸ್‌ಗೂ ಸಿಗುತ್ತದೆ.

ವಿಂಡೋಸೋ ಮ್ಯಾಕೋ ಎಂಬ ಹಳೆಯ ಜಗಳದಲ್ಲಿ ತಾಂತ್ರಿಕವಾಗಿ ಉಳಿಯುವ ವಿಷಯ ಡ್ರೈವರ್. ಮ್ಯಾಕ್‌ನ ಕೋರ್ ಆಡಿಯೊ ವ್ಯವಸ್ಥೆಯ ಒಳಗೇ ಸೇರಿಕೊಂಡಿದೆ. ಹೆಚ್ಚಿನ ಇಂಟರ್‌ಫೇಸ್‌ಗಳು ಚುಚ್ಚಿದ ಕೂಡಲೇ ಕಡಿಮೆ ವಿಳಂಬದಲ್ಲಿ ಕೆಲಸ ಮಾಡುತ್ತವೆ. ವಿಂಡೋಸ್‌ನ ಸಾಮಾನ್ಯ ಧ್ವನಿಮಾರ್ಗ ಸಂಗೀತಕ್ಕೆ ನಿಧಾನ. ಆ ಕೊರತೆ ತುಂಬಲು ಸ್ಟೈನ್‌ಬರ್ಗ್ ಸಂಸ್ಥೆ 1997ರಲ್ಲಿ ಎಎಸ್‌ಐಒ ಎಂಬ ನೇರ ಮಾರ್ಗವನ್ನು ತಂದಿತು. ಈಗಲೂ ವಿಂಡೋಸ್‌ನಲ್ಲಿ ಗಂಭೀರ ಕೆಲಸಕ್ಕೆ ತಯಾರಕರೇ ಬರೆದ ಎಎಸ್‌ಐಒ ಡ್ರೈವರ್ ಇರುವ ಇಂಟರ್‌ಫೇಸ್ ಬೇಕು. ಅಂಥದ್ದು ಇದ್ದರೆ ಎರಡು ವ್ಯವಸ್ಥೆಗಳ ನಡುವಿನ ಅಂತರ ಕಿರಿದಾಗುತ್ತದೆ. ಆರ್ಮ್ ಮಾದರಿಯ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಚಿಪ್ ಇರುವ ವಿಂಡೋಸ್ ಲ್ಯಾಪ್‌ಟಾಪ್‌ಗಳು 2024ರಿಂದ ಮಾರುಕಟ್ಟೆಯಲ್ಲಿವೆ; ಬ್ಯಾಟರಿ ಚೆನ್ನಾಗಿ ಬಾಳುತ್ತದೆ. ಆದರೆ ಇಂಟೆಲ್, ಎಎಂಡಿಗೆಂದು ಬರೆದ ಡ್ರೈವರ್‌ಗಳು ಅವುಗಳಲ್ಲಿ ನಡೆಯುವುದಿಲ್ಲ. ತನ್ನ ಇಂಟರ್‌ಫೇಸ್, ಕಂಟ್ರೋಲರ್, ಪ್ಲಗಿನ್ ಪ್ರತಿಯೊಂದಕ್ಕೂ ಆರ್ಮ್ ಆವೃತ್ತಿ ಇದೆಯೆಂದು ಖಚಿತವಾಗುವವರೆಗೆ ಅವನ್ನು ಕೊಳ್ಳುವುದು ದುಡುಕು.

ಹೊಸ ಆವೃತ್ತಿಯ ಆತುರವೂ ಅಪಾಯವೇ. 2019ರಲ್ಲಿ ಮ್ಯಾಕ್‌ನ ಕ್ಯಾಟಲಿನಾ ಆವೃತ್ತಿ 32 ಬಿಟ್ ತಂತ್ರಾಂಶವನ್ನು ಪೂರ್ತಿ ಕೈಬಿಟ್ಟಾಗ ಅಪ್‌ಡೇಟ್ ಗುಂಡಿ ಒತ್ತಿದವರ ಹಳೆಯ ಪ್ಲಗಿನ್‌ಗಳೆಲ್ಲ ಒಂದೇ ರಾತ್ರಿಯಲ್ಲಿ ಮೂಕವಾದವು. ನಡೆಯುತ್ತಿರುವ ಆಲ್ಬಮ್ ಮುಗಿಯುವ ತನಕ, ಕಾರ್ಯಕ್ರಮಗಳ ಋತು ದಾಟುವ ತನಕ ವ್ಯವಸ್ಥೆಯನ್ನು ಬದಲಿಸದಿರುವುದು ವೃತ್ತಿಪರರ ರೂಢಿ.

ಪ್ರೊಸೆಸರ್: ಕೋರ್‌ಗಳ ಲೆಕ್ಕ

ಹತ್ತು ಕೋರ್‌ಗಳಿದ್ದರೆ ಹತ್ತುಪಟ್ಟು ಪ್ಲಗಿನ್‌ಗಳು ನಡೆಯುತ್ತವೆ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಒಂದು ಟ್ರ್ಯಾಕಿನೊಳಗೆ ಧ್ವನಿ ಸರಪಣಿಯಂತೆ ಸಾಗುತ್ತದೆ: ಸಿಂಥ್, ಅದರ ಹಿಂದೆ ಈಕ್ವಲೈಜರ್, ಕಂಪ್ರೆಸರ್, ರಿವರ್ಬ್. ಮೊದಲಿನದು ಮುಗಿಯದೆ ಎರಡನೆಯದು ಶುರುವಾಗುವಂತಿಲ್ಲ. ಆದ್ದರಿಂದ ಒಂದು ಸರಪಣಿ ಸಾಮಾನ್ಯವಾಗಿ ಒಂದೇ ಕೋರ್‌ನ ಪಾಲು. ಬೇರೆ ಬೇರೆ ಟ್ರ್ಯಾಕ್‌ಗಳು ಬೇರೆ ಕೋರ್‌ಗಳಿಗೆ ಹಂಚಿಹೋಗುತ್ತವೆ, ಕೊನೆಗೆ ಎಲ್ಲವೂ ಮಾಸ್ಟರ್ ಟ್ರ್ಯಾಕಿನಲ್ಲಿ ಮತ್ತೆ ಒಂದೇ ಸಾಲಿಗೆ ಬಂದು ನಿಲ್ಲುತ್ತವೆ. ಆ ಒಂದು ಸಾಲಿನಲ್ಲಿ ಮೂರು ಭಾರಿ ಪ್ಲಗಿನ್ ಪೇರಿಸಿದರೆ ಉಳಿದ ಕೋರ್‌ಗಳು ಕೈಕಟ್ಟಿ ಕೂತಿದ್ದರೂ ಧ್ವನಿ ಮುರಿಯುತ್ತದೆ. ಹೀಗಾಗಿ ಒಂದು ಕೋರ್‌ನ ವೇಗಕ್ಕೆ ಮೊದಲ ಆದ್ಯತೆ, ಕೋರ್‌ಗಳ ಸಂಖ್ಯೆಗೆ ಎರಡನೆಯದು.

ಆಪಲ್‌ನ ಎಂ1 ಚಿಪ್ 2020ರ ನವೆಂಬರಿನಲ್ಲಿ ಬಂದ ಮೇಲೆ, ಇಂಟೆಲ್‌ನ 12ನೆಯ ತಲೆಮಾರು 2021ರ ಕೊನೆಯಲ್ಲಿ ಬಂದ ಮೇಲೆ, ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಲ್ಲಿ ಎರಡು ಬಗೆಯ ಕೋರ್‌ಗಳನ್ನು ಬೆರೆಸುವುದು ಸಾಮಾನ್ಯವಾಗಿದೆ: ಕೆಲವು ಬಲಿಷ್ಠ, ಕೆಲವು ವಿದ್ಯುತ್ ಉಳಿಸುವ ಮಿತಭೋಜಿ. ಎಂ1ರಲ್ಲಿ ಇವು ನಾಲ್ಕು ನಾಲ್ಕು. ಜಾಹೀರಾತು ಎರಡನ್ನೂ ಕೂಡಿಸಿ ದೊಡ್ಡ ಸಂಖ್ಯೆ ಹೇಳುತ್ತದೆ. ಸಂಗೀತಕ್ಕೆ ಎಣಿಸಬೇಕಾದದ್ದು ಬಲಿಷ್ಠ ಕೋರ್‌ಗಳನ್ನು. ಇಂಟೆಲ್ ಮಾದರಿಗಳ ಹೆಸರಿನ ಕೊನೆಯ ಅಕ್ಷರವೂ ಸೂಚನೆಯೇ: 'ಯು' ಎಂದರೆ ತೆಳುವಾದ ಲ್ಯಾಪ್‌ಟಾಪಿಗಾಗಿ ಕಡಿಮೆ ವಿದ್ಯುತ್ತಿನದು, 'ಎಚ್' ಎಂದರೆ ಹೆಚ್ಚು ವಿದ್ಯುತ್ ಉಂಡು ಹೆಚ್ಚು ದುಡಿಯುವುದು. ಬರೀ ಡಿಜೆ ಕೆಲಸಕ್ಕೆ ಇತ್ತೀಚಿನ ಮಧ್ಯಮ ದರ್ಜೆಯ ಯಾವ ಪ್ರೊಸೆಸರ್ ಆದರೂ ಸಾಕು. ಹಾಡನ್ನು ನಿಂತ ನಿಲುವಿನಲ್ಲೇ ಗಾಯನ, ತಾಳ, ಬೇಸ್ ಎಂದು ಬಿಡಿಸುವ 'ಸ್ಟೆಮ್ಸ್' ಸೌಲಭ್ಯ ಬಳಸುವವರಿಗೆ ಮಾತ್ರ ಇದು ಅನ್ವಯಿಸದು. 2020ರ ಸುಮಾರಿಗೆ ವರ್ಚುವಲ್ ಡಿಜೆಯಲ್ಲೂ 2022ರ ಕೊನೆಗೆ ಸೆರಾಟೊದಲ್ಲೂ ಬಂದ ಈ ಸೌಲಭ್ಯ ಪ್ರೊಸೆಸರನ್ನೂ ಗ್ರಾಫಿಕ್ಸ್ ಚಿಪ್ಪನ್ನೂ ಚೆನ್ನಾಗಿ ಬೆವರಿಳಿಸುತ್ತದೆ.

ಮೆಮೊರಿ ಮತ್ತು ಸಂಗ್ರಹ

ಮೆಮೊರಿ ಹೆಚ್ಚಿದ್ದರೆ ಧ್ವನಿ ವೇಗವಾಗುವುದಿಲ್ಲ. ಕಡಿಮೆಯಾದರೆ ಮಾತ್ರ ಎಲ್ಲವೂ ಕುಂಟುತ್ತದೆ. ಇಂದಿನ ಬಳಕೆಗೆ 8 ಜಿಬಿ ಇಕ್ಕಟ್ಟು, 16 ಜಿಬಿ ನೆಮ್ಮದಿ. ಸ್ಯಾಂಪಲ್ (ಇಲ್ಲಿ ಅರ್ಥ, ನಿಜವಾದ ವಾದ್ಯದಿಂದ ಮುದ್ರಿಸಿಟ್ಟ ಸ್ವರ) ಆಧಾರಿತ ವಾದ್ಯಗಳನ್ನು ಹೆಚ್ಚಾಗಿ ಬಳಸುವವರಿಗೆ 32 ಜಿಬಿ ಬೇಕು. ಇಂಥ ವಾದ್ಯ ಒಂದೊಂದು ಸ್ವರದ ಆರಂಭದ ತುಣುಕನ್ನು ಮಾತ್ರ ಮೆಮೊರಿಯಲ್ಲಿ ಇಟ್ಟುಕೊಂಡು, ಕೀ ಒತ್ತಿದ ಮೇಲೆ ಉಳಿದದ್ದನ್ನು ಡಿಸ್ಕಿನಿಂದ ಓದುತ್ತದೆ. ಸಿನಿಮಾ ಹಿನ್ನೆಲೆ ಸಂಗೀತಕ್ಕೆಂದು ತಂತಿವಾದ್ಯ, ಹಿತ್ತಾಳೆ ವಾದ್ಯ, ಕೋರಸ್ ಎಲ್ಲವನ್ನೂ ಒಟ್ಟಿಗೆ ತೆರೆದಿಟ್ಟರೆ ಆ ಆರಂಭದ ತುಣುಕುಗಳೇ ಹತ್ತಾರು ಜಿಬಿ ಆಗುತ್ತವೆ. ಆಪಲ್ ಚಿಪ್ಪಿನ ಮ್ಯಾಕ್‌ಗಳಲ್ಲಿ, ತೆಳುವಾದ ಎಷ್ಟೋ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಮೆಮೊರಿಯನ್ನು ಆಮೇಲೆ ಹೆಚ್ಚಿಸಲು ಬರುವುದಿಲ್ಲ. ಹಣ ಸೀಮಿತವಾಗಿದ್ದರೆ ಪ್ರೊಸೆಸರಿನ ಒಂದು ಮೆಟ್ಟಿಲು ಇಳಿದು ಮೆಮೊರಿಯ ಒಂದು ಮೆಟ್ಟಿಲು ಹತ್ತುವುದು ಸ್ಯಾಂಪಲ್ ಬಳಸುವವರಿಗೆ ಲಾಭ.

ಸಂಗ್ರಹದ ಗಾತ್ರವನ್ನು ಕಾಗದದ ಮೇಲೆ ಲೆಕ್ಕ ಹಾಕಿಯೇ ನಿರ್ಧರಿಸಬಹುದು. 24 ಬಿಟ್, 48 ಕಿಲೊಹರ್ಟ್ಸ್‌ನಲ್ಲಿ ಒಂದು ಮೋನೊ ಟ್ರ್ಯಾಕ್ ನಿಮಿಷಕ್ಕೆ 8.64 ಎಂಬಿ ನುಂಗುತ್ತದೆ. ಐದು ನಿಮಿಷದ ಹಾಡಿಗೆ 20 ಟ್ರ್ಯಾಕ್ ಎಂದರೆ ಸುಮಾರು 864 ಎಂಬಿ. ಪ್ರತಿಯೊಂದಕ್ಕೂ ಮೂರು ನಾಲ್ಕು ಟೇಕ್ ಉಳಿಸಿಕೊಂಡರೆ ಒಂದೇ ಹಾಡು 3 ಜಿಬಿ. ಡಿಜೆಯ ಕಡೆ, 320 ಕೆಬಿಪಿಎಸ್‌ನ ಐದು ನಿಮಿಷದ ಎಂಪಿ3 ಹಾಡು 12 ಎಂಬಿ. ಐದು ಸಾವಿರ ಹಾಡುಗಳಿಗೆ 60 ಜಿಬಿ. ಅವೇ ಹಾಡುಗಳು ಸಿ.ಡಿ. ಗುಣಮಟ್ಟದ ವೇವ್ ಫೈಲ್‌ಗಳಾದರೆ 265 ಜಿಬಿ. ಹೀಗೆ 512 ಜಿಬಿ ಎಸ್‌ಎಸ್‌ಡಿ ಡಿಜೆಗೆ ಧಾರಾಳ. ನಿರ್ಮಾಪಕನಿಗೆ 1 ಟಿಬಿ, ಇಲ್ಲವೇ ಸ್ಯಾಂಪಲ್‌ಗಳಿಗೆ ಪ್ರತ್ಯೇಕ ಹೊರಗಿನ ಎಸ್‌ಎಸ್‌ಡಿ ಬೇಕು. ತಿರುಗುವ ಹಾರ್ಡ್ ಡಿಸ್ಕ್‌ಗೆ ಈಗ ಬ್ಯಾಕಪ್‌ನ ಕೆಲಸ ಮಾತ್ರ ಉಳಿದಿದೆ. ಸಬ್‌ವೂಫರಿನ ಪಕ್ಕದಲ್ಲಿಟ್ಟ ಮೇಜು ನಡುಗುವಾಗ ಅದರಿಂದ ಹಾಡು ನುಡಿಸುವುದು ಕೆಡುಕನ್ನು ಕರೆದಂತೆ.

ಶಾಖ, ಫ್ಯಾನ್, ಗ್ರಾಫಿಕ್ಸ್

ಪ್ರೊಸೆಸರ್ ಕಾದರೆ ತನ್ನನ್ನು ತಾನೇ ನಿಧಾನಗೊಳಿಸಿಕೊಳ್ಳುತ್ತದೆ. ಅಂಗಡಿಯಲ್ಲಿ ಹತ್ತು ನಿಮಿಷ ಚುರುಕಾಗಿದ್ದ ತೆಳು ಲ್ಯಾಪ್‌ಟಾಪ್ ಒಂದು ಗಂಟೆಯ ಮಿಕ್ಸಿಂಗ್ ನಂತರ ತೊದಲುವುದು ಇದರಿಂದಲೇ. ಫ್ಯಾನ್ ಇಲ್ಲದ ಮ್ಯಾಕ್‌ಬುಕ್ ಏರ್ ಮೈಕಿನ ಪಕ್ಕದಲ್ಲಿಟ್ಟರೂ ನಿಶ್ಶಬ್ದ. ಮನೆಯ ಒಂದೇ ಕೋಣೆಯಲ್ಲಿ ಕಂಠ, ವೀಣೆ, ಕೊಳಲು ಮುದ್ರಿಸುವವರಿಗೆ ಅದು ದೊಡ್ಡ ಅನುಕೂಲ. ದೀರ್ಘ ಹೊತ್ತಿನ ಭಾರಿ ಕೆಲಸದಲ್ಲಿ ಮಾತ್ರ ಫ್ಯಾನ್ ಇರುವ ಮ್ಯಾಕ್‌ಬುಕ್ ಪ್ರೊ ಅದನ್ನು ಹಿಂದೆ ಹಾಕುತ್ತದೆ. ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ತಂಪು ವ್ಯವಸ್ಥೆ ಗಟ್ಟಿ, ಬೆಲೆಗೆ ತಕ್ಕ ಶಕ್ತಿ ಹೆಚ್ಚು. ಆದರೆ ಫ್ಯಾನಿನ ಗದ್ದಲ ಮೈಕಿಗೆ ಸಿಗುತ್ತದೆ, ಚಾರ್ಜರ್ ತೆಗೆದ ಕೂಡಲೇ ಶಕ್ತಿ ಕುಸಿಯುತ್ತದೆ.

ಬೆಲೆ ಏರಿಸುವ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಸಂಗೀತ ನಿರ್ಮಾಣಕ್ಕೆ ಬಹುಮಟ್ಟಿಗೆ ಬೇಕಿಲ್ಲ. ವೇದಿಕೆಯಲ್ಲಿ ದೃಶ್ಯಗಳನ್ನೂ ಓಡಿಸುವವರಿಗೆ, ಸ್ಟೆಮ್ಸ್ ನೆಚ್ಚಿದವರಿಗೆ ಅದು ಉಪಯುಕ್ತ. ಹೊರಾಂಗಣದ ಬಿಸಿಲೂ ಲೆಕ್ಕಕ್ಕೆ ಸೇರಬೇಕು. ಮ್ಯಾಕ್‌ಬುಕ್‌ಗಳಿಗೆ ಆಪಲ್ ನಿಗದಿಪಡಿಸಿದ ಬಳಕೆಯ ತಾಪಮಾನ 10ರಿಂದ 35 ಡಿಗ್ರಿ ಸೆಲ್ಸಿಯಸ್. ಕಲಬುರಗಿ, ರಾಯಚೂರಿನ ಬೇಸಿಗೆ 40 ದಾಟುತ್ತದೆ. ಹಗಲು ಶಾಮಿಯಾನದಡಿ ಸೌಂಡ್ ಚೆಕ್‌ಗೆ ಇಟ್ಟ ಲ್ಯಾಪ್‌ಟಾಪಿಗೆ ನೆರಳು, ತಳದಲ್ಲಿ ಗಾಳಿಯಾಡಲು ಎತ್ತರದ ಸ್ಟ್ಯಾಂಡ್ ಎರಡೂ ಬೇಕು.

ಪೋರ್ಟು, ವಿದ್ಯುತ್ತು, ಗುಂಯ್‌ಗುಡುವ ಸದ್ದು

ಆಡಿಯೊಗೆ ಅತಿವೇಗದ ಪೋರ್ಟ್ ಅಗತ್ಯ ಎಂಬುದು ತಪ್ಪು ತಿಳಿವಳಿಕೆ. 24 ಬಿಟ್, 48 ಕಿಲೊಹರ್ಟ್ಸ್‌ನ 32 ಚಾನೆಲ್‌ಗಳು ಒಟ್ಟಾಗಿ ಸೆಕೆಂಡಿಗೆ 37 ಮೆಗಾಬಿಟ್ ದಾಟುವುದಿಲ್ಲ. ಹಳೆಯ ಯುಎಸ್‌ಬಿ 2.0 ಮಾರ್ಗದ ಮಿತಿ 480. ಕೊರತೆ ಬೀಳುವುದು ಪೋರ್ಟುಗಳ ಸಂಖ್ಯೆಯಲ್ಲಿ ಮತ್ತು ಅವು ಒದಗಿಸುವ ವಿದ್ಯುತ್ತಿನಲ್ಲಿ. ಇಂಟರ್‌ಫೇಸ್, ಮಿಡಿ ಕೀಬೋರ್ಡ್, ಪ್ಲಗಿನ್ ಪರವಾನಗಿಯ ಐಲಾಕ್ ಡಾಂಗಲ್, ಹೊರಗಿನ ಎಸ್‌ಎಸ್‌ಡಿ ನಾಲ್ಕನ್ನೂ ಒಂದು ಅಗ್ಗದ ಹಬ್‌ಗೆ ಚುಚ್ಚಿದರೆ ಯಾವುದಾದರೊಂದು ನಡುವೆ ಕಳಚಿಕೊಳ್ಳುತ್ತದೆ. ಇಂಟರ್‌ಫೇಸ್ ಅಥವಾ ಡಿಜೆ ಕಂಟ್ರೋಲರನ್ನು ನೇರವಾಗಿ ಲ್ಯಾಪ್‌ಟಾಪಿಗೇ ಜೋಡಿಸಿ, ಉಳಿದವನ್ನು ಸ್ವಂತ ಅಡಾಪ್ಟರ್ ಇರುವ ಹಬ್‌ಗೆ ಹಾಕುವುದು ಒಳ್ಳೆಯ ಪದ್ಧತಿ. ಚಾರ್ಜಿಂಗ್ ಕೂಡ ಯುಎಸ್‌ಬಿ-ಸಿಯಲ್ಲೇ ಆಗುವ ಲ್ಯಾಪ್‌ಟಾಪಿನಲ್ಲಿ ಎರಡೇ ಪೋರ್ಟ್‌ಗಳಿದ್ದರೆ ಒಂದು ಆಗಲೇ ಹೋಯಿತೆಂದು ಲೆಕ್ಕ.

ವೇದಿಕೆಯಲ್ಲಿ ತುಂಬ ಕಾಡುವ ತೊಂದರೆ ಲ್ಯಾಪ್‌ಟಾಪಿನೊಳಗಿನದಲ್ಲ, ಅದರ ಚಾರ್ಜರಿನದು. ಚಾರ್ಜರಿನ ಅರ್ತಿಂಗ್ ಒಂದು ದಾರಿಯಲ್ಲಿ, ಧ್ವನಿವರ್ಧಕದ ಅರ್ತಿಂಗ್ ಇನ್ನೊಂದು ದಾರಿಯಲ್ಲಿ ನೆಲ ಸೇರಿದಾಗ ಎರಡರ ನಡುವೆ ಸುರುಳಿಯೊಂದು ಏರ್ಪಟ್ಟು ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು ಬರುತ್ತದೆ. ಭಾರತದ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ಆ ಗುಂಯ್ 50 ಅಥವಾ 100 ಹರ್ಟ್ಸ್‌ನಲ್ಲಿರುತ್ತದೆ. ಪರೀಕ್ಷೆ ಸುಲಭ: ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ನಡೆಸಿ ನೋಡುವುದು. ಸದ್ದು ನಿಂತರೆ ಮೂಲ ಅದೇ. ಚಾರ್ಜರಿನ ಅರ್ತ್ ಪಿನ್ನನ್ನೇ ಕತ್ತರಿಸುವವರಿದ್ದಾರೆ. ಅದು ಪ್ರಾಣಕ್ಕೇ ಕುತ್ತು ತರಬಹುದಾದ ಕೆಲಸ. ಎಲ್ಲ ಉಪಕರಣಗಳಿಗೂ ಒಂದೇ ಬೋರ್ಡಿನಿಂದ ವಿದ್ಯುತ್ ಕೊಡುವುದು, ಬ್ಯಾಲೆನ್ಸ್‌ಡ್ ಕೇಬಲ್ ಬಳಸುವುದು, ನಡುವೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ಇಡುವುದು ಸರಿಯಾದ ಪರಿಹಾರ.

ಬ್ಯಾಟರಿಯ ಮಹತ್ವ ಗೊತ್ತಾಗುವುದು ಕರೆಂಟ್ ಹೋಗಿ ಜನರೇಟರ್ ಶುರುವಾಗುವ ನಡುವಿನ ಆ ಕೆಲವು ಸೆಕೆಂಡುಗಳಲ್ಲಿ. ಲ್ಯಾಪ್‌ಟಾಪ್ ಎಚ್ಚರವಾಗಿಯೇ ಇರುತ್ತದೆ. ಯುಎಸ್‌ಬಿಯಿಂದಲೇ ವಿದ್ಯುತ್ ಪಡೆಯುವ ಚಿಕ್ಕ ಕಂಟ್ರೋಲರ್ ಕೂಡ. ಸ್ವಂತ ಅಡಾಪ್ಟರಿನ ದೊಡ್ಡ ಕಂಟ್ರೋಲರ್ ಆರಿ ಮತ್ತೆ ಹೊತ್ತಿಕೊಳ್ಳುವಾಗ ಸಾಫ್ಟ್‌ವೇರಿನ ಸಂಪರ್ಕ ತಪ್ಪಿಸಿಕೊಳ್ಳುತ್ತದೆ, ಅದಕ್ಕೊಂದು ಯುಪಿಎಸ್ ಬೇಕು.

ಡಿಜೆಗೆ ಲ್ಯಾಪ್‌ಟಾಪೇ ಬೇಕೆ?

ಕೆಲವರಿಗೆ ಬೇಡ. ಪೆನ್ ಡ್ರೈವಿನಿಂದಲೇ ಹಾಡು ನುಡಿಸುವ ಸಿಡಿಜೆ-2000 ಪ್ಲೇಯರ್ 2009ರಲ್ಲಿ ಬಂದಂದಿನಿಂದ ದೊಡ್ಡ ಕ್ಲಬ್ಬುಗಳ ಡಿಜೆ ಮನೆಯ ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್‌ಬಾಕ್ಸ್ ಮೂಲಕ ಹಾಡುಗಳ ವೇಗ, ಶ್ರುತಿ, ಕ್ಯೂ ಗುರುತುಗಳನ್ನು ಸಿದ್ಧಪಡಿಸಿ, ಒಂದು ಪೆನ್ ಡ್ರೈವ್ ಜೇಬಿನಲ್ಲಿಟ್ಟು ಹೊರಡಬಹುದಾಗಿದೆ. ಇಂಥವರಿಗೆ ಲ್ಯಾಪ್‌ಟಾಪ್ ಅಡುಗೆಮನೆ ಮಾತ್ರ, ಊಟದ ಪಂಕ್ತಿಗೆ ಅದು ಬರಬೇಕಿಲ್ಲ. ಅವರು ಇಡೀ ಹಣವನ್ನು ನಿರ್ಮಾಣದ ಅಗತ್ಯ ನೋಡಿಯೇ ಖರ್ಚು ಮಾಡಬಹುದು. ಮದುವೆ, ಕಾಲೇಜು ಉತ್ಸವ, ಕಂಪನಿ ಪಾರ್ಟಿಗಳಲ್ಲಿ ಸ್ವಂತ ಕಂಟ್ರೋಲರ್ ಒಯ್ಯುವವರಿಗೆ, ಕಂಪ್ಯೂಟರಿನ ಹಾಡನ್ನು ನಿಯಂತ್ರಿಸುವ ಟೈಮ್‌ಕೋಡ್ ತಟ್ಟೆಯಲ್ಲಿ ಸ್ಕ್ರ್ಯಾಚ್ ಮಾಡುವವರಿಗೆ, ಏಬಲ್ಟನ್‌ನಲ್ಲಿ ಲೈವ್ ಸೆಟ್ ಕಟ್ಟುವವರಿಗೆ ಲ್ಯಾಪ್‌ಟಾಪ್ ಬಿಟ್ಟರೆ ಗತಿಯಿಲ್ಲ. ಕತ್ತಲಲ್ಲಿ ಕಾಣುವ ಹಿಂಬೆಳಕಿನ ಕೀಬೋರ್ಡ್, ಬಿಸಿಲಲ್ಲಿ ಓದಬಹುದಾದ ಪರದೆ, ಅಲುಗಾಡದ ಕೀಲು, ಸಡಿಲವಾಗದ ಪೋರ್ಟು ಇವರ ಪಾಲಿಗೆ ಪ್ರೊಸೆಸರಿನಷ್ಟೇ ಮುಖ್ಯ.

ಒಂದೇ ಯಂತ್ರದಲ್ಲಿ ಎರಡೂ ಕೆಲಸ ಮಾಡುವವರು ಎರಡು ಬಳಕೆದಾರ ಖಾತೆಗಳನ್ನು ತೆರೆದುಕೊಳ್ಳುವುದು ಅಗ್ಗದ ಉಪಾಯ. ವೇದಿಕೆಯ ಖಾತೆಯಲ್ಲಿ ಡಿಜೆ ಸಾಫ್ಟ್‌ವೇರ್ ಹೊರತು ತಾನಾಗಿ ತೆರೆದುಕೊಳ್ಳುವ ಯಾವ ಆ್ಯಪೂ ಇರಬಾರದು. ಕಾರ್ಯಕ್ರಮಕ್ಕೆ ಮೊದಲು ವೈಫೈ, ಬ್ಲೂಟೂತ್, ನೋಟಿಫಿಕೇಶನ್, ಸ್ಲೀಪ್, ಸ್ವಯಂಚಾಲಿತ ಅಪ್‌ಡೇಟ್ ಎಲ್ಲವನ್ನೂ ಆರಿಸಬೇಕು. ವಿಂಡೋಸ್‌ನಲ್ಲಿ ಯುಎಸ್‌ಬಿ ಪೋರ್ಟನ್ನು ಮಲಗಿಸುವ ವಿದ್ಯುತ್ ಉಳಿತಾಯದ ಆಯ್ಕೆಯನ್ನೂ ತೆಗೆಯಬೇಕು. ಹೊಸ ಹಾಡುಗಳ ವಿಶ್ಲೇಷಣೆಯನ್ನು ಮನೆಯಲ್ಲೇ ಮುಗಿಸಿದರೆ ವೇದಿಕೆಯಲ್ಲಿ ಪ್ರೊಸೆಸರಿಗೆ ಆ ಹೊರೆ ತಪ್ಪುತ್ತದೆ.

ಹಳೆಯ ಯಂತ್ರ, ಕೊನೆಯ ಪರೀಕ್ಷೆ

ಬಳಸಿದ ಲ್ಯಾಪ್‌ಟಾಪ್ ಕೊಳ್ಳುವುದು ತಪ್ಪೇನಲ್ಲ. ಎಂ1 ಮ್ಯಾಕ್‌ಗಳು ಡಿಜೆ ಕೆಲಸಕ್ಕೂ ಮಧ್ಯಮ ಗಾತ್ರದ ನಿರ್ಮಾಣಕ್ಕೂ ಇನ್ನೂ ಚೆನ್ನಾಗಿ ಒದಗುತ್ತವೆ. ಇಂಟೆಲ್ ಮ್ಯಾಕ್‌ಗಳ ಮಾತು ಬೇರೆ: ಅವುಗಳಿಗೆ ಮ್ಯಾಕ್‌ಒಎಸ್ 26 ಕೊನೆಯ ಆವೃತ್ತಿ ಎಂದು ಆಪಲ್ 2025ರಲ್ಲೇ ಪ್ರಕಟಿಸಿದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದು, ವಿಂಡೋಸ್ 11ಕ್ಕೆ ಏರಲಾಗದ ಯಂತ್ರ ಅಗ್ಗವಾದರೂ ಬೇಡ. ಹಳೆಯದರಲ್ಲಿ ಬ್ಯಾಟರಿಯ ಚಾರ್ಜ್ ಆವರ್ತಗಳ (ಸೈಕಲ್) ಸಂಖ್ಯೆ ನೋಡಬೇಕು. ಇತ್ತೀಚಿನ ಮ್ಯಾಕ್‌ಬುಕ್‌ಗಳಿಗೆ ಆಪಲ್ ಹೇಳುವ ಮಿತಿ 1000.

ಹೊಸದಾಗಲಿ ಹಳೆಯದಾಗಲಿ, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಯಂತ್ರವನ್ನು ತನ್ನದೇ ಕೆಲಸದಲ್ಲಿ ಪರೀಕ್ಷಿಸಬೇಕು. ವಿಂಡೋಸ್‌ನಲ್ಲಿ ಲೇಟೆನ್ಸಿಮಾನ್ ಎಂಬ ಸಾಧನವನ್ನು ಅರ್ಧ ಗಂಟೆ ಓಡಿಸಿದರೆ ಯಾವ ಡ್ರೈವರ್ ಪ್ರೊಸೆಸರನ್ನು ತಡೆದು ನಿಲ್ಲಿಸುತ್ತಿದೆ ಎಂಬುದು ಹೆಸರಿನ ಸಮೇತ ಕಾಣುತ್ತದೆ. ಎಷ್ಟೋ ಸಲ ತಪ್ಪಿತಸ್ಥ ವೈಫೈ ಅಥವಾ ಗ್ರಾಫಿಕ್ಸ್ ಡ್ರೈವರ್ ಆಗಿರುತ್ತದೆ. ಹೊಸ ಡ್ರೈವರ್ ಹಾಕಿದರೂ ಗುಣವಾಗದಿದ್ದರೆ ಆ ಲ್ಯಾಪ್‌ಟಾಪನ್ನು ಮರಳಿಸುವುದೇ ಸರಿ. ನಂತರ ತನ್ನ ಅತಿ ಭಾರದ ಪ್ರಾಜೆಕ್ಟನ್ನು 128ರ ಬಫರಿನಲ್ಲಿ ಒಂದು ಗಂಟೆ, ತನ್ನ ಡಿಜೆ ಸೆಟ್ಟನ್ನು ಅದೇ ಇಂಟರ್‌ಫೇಸ್, ಅದೇ ಕಂಟ್ರೋಲರ್, ಅದೇ ಕೇಬಲ್‌ಗಳೊಂದಿಗೆ ಇನ್ನೊಂದು ಗಂಟೆ ನುಡಿಸಬೇಕು. ಅರ್ಧ ಹೊತ್ತು ಚಾರ್ಜರಿನಲ್ಲಿ, ಅರ್ಧ ಹೊತ್ತು ಬ್ಯಾಟರಿಯಲ್ಲಿ. ಇಡೀ ಹೊತ್ತು ಹೆಡ್‌ಫೋನಿನಲ್ಲಿ ಒಂದೂ 'ಟಕ್' ಕೇಳದಿದ್ದರೆ ಆ ಯಂತ್ರವನ್ನು ಇಟ್ಟುಕೊಳ್ಳಬಹುದು.